ಯಾಪ್ಯಾನ ಹಲ್ಲು

ಬೆಳಗಿನ ಏಳು ಗಂಟೆಗೆ ಮನೆಮಂದಿಯೆಲ್ಲ ಮಹಡಿಯ ಮೇಲಿನ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ನಿಂತಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದರು. ರವಿಕಿರಣ ತನ್ನ ತಟ್ಟೆಯನ್ನು ವಾಷಿಂಗ್ ಮಶೀನಿನ ಮೇಲೆ ಇಟ್ಟುಕೊಂಡಿದ್ದ. ಅವನ ಹೆಂಡತಿ ವೈಶಾಲಿ ಬೇಸಿನ್ನಿಗೆ ಒರಗಿದ್ದಳು. ಮಗಳು ಮಾನಸ ಖಾಲಿ ಟಬ್ಬಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತು, ಇಂಥ ಮಜಾ ದಿನಾ ಯಾಕಿರಬಾರದು ಎಂಬ ಮುಖ ಮಾಡಿದ್ದಳು. ಹಿರಿಯರೆಂಬ ಕಾರಣಕ್ಕೆ ರವಿಕಿರಣನ ತಂದೆ ಚನ್ನಯ್ಯನವರಿಗೆ ಒಂದು ಆಸನ ಬಿಟ್ಟುಕೊಟ್ಟಿದ್ದರು. ಅದು ಮುಚ್ಚಳ ಹಾಕಿದ ಕಮೋಡು. ಅದರ ಮೇಲೆ ಕೂತು ಉಪ್ಪಿಟ್ಟು ತಿನ್ನುವಷ್ಟು ತಾನಿನ್ನೂ ಕೆಟ್ಟಿಲ್ಲವೆಂದು ಅವರು ಗೋಡೆಗೆ ಆತು ನಿಂತಿದ್ದರು.

ಇಷ್ಟೆಲ್ಲ ಕಷ್ಟ ಕೆಳಗಿದ್ದ ಯಾಪ್ ಎಂಬ ನಾಯಿಗಾಗಿ. ಆವತ್ತು ಅದನ್ನು ಪಶುವೈದ್ಯರ ಕ್ಲಿನಿಕ್ಕಿಗೆ ಕರೆದೊಯ್ದು, ಅರಿವಳಿಕೆ ಕೊಡಿಸಿ, ಹಲ್ಲು ಸ್ವಚ್ಛ ಮಾಡಿಸಬೇಕಿತ್ತು. ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು ಎಂದು ಹಿಂದಿನ ರಾತ್ರಿಯಿಂದ ಅದಕ್ಕೆ ಒಂದು ತುತ್ತೂ ಹಾಕಿರಲಿಲ್ಲ. ಕಣ್ಣೆದುರು ಯಾರಾದರೂ ಬಾಯಾಡಿಸಿದರೆ ಸಾಕು, ಯಾಪ್ ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ವಿಮಾನ ನಿಲ್ದಾಣದ ಮಗ್ಗುಲಿನ ಆ ಡಚ್ ಊರು ಬಾಡ್‌ಹೂವೆಡಾರ್ಪ್‌ನ ಜನ ತಲೆಯ ಮೇಲೆ ಹಾರುವ ವಿಮಾನಗಳನ್ನು ಸಹಿಸಿಕೊಂಡಾರು, ಈ ಅಳುವನ್ನು ಸಹಿಸುತ್ತಿರಲಿಲ್ಲ. ಅದಕ್ಕೇ ಮಾನಸ ಬಚ್ಚಲುಮನೆಯ ಉಪಾಯ ಹೇಳಿಕೊಟ್ಟಿದ್ದಳು.

“ಉಪಾಸ ಯಾಪ್ಯಾಂದು, ಸಜಾ ಮನಿಮಂದಿಗೆಲ್ಲಾ,” ಎಂದರು ಚನ್ನಯ್ಯನವರ ಹೆಂಡತಿ ಪಾರ್ವತೆವ್ವ, ಗಂಡನ ತಟ್ಟೆಗೆ ಇನ್ನೊಂದಿಷ್ಟು ಉಪ್ಪಿಟ್ಟು ಹಾಕುತ್ತ.

“ಅಜ್ಜೀ, ಸ್ಸ್! ಹೀ ಕ್ಯಾನ್ ಹಿಯರ್ ದ ಸ್ಪೂನ್!” ಎಂದಳು ಮಾನಸ.

ಪಾರ್ವತೆವ್ವ ದನಿ ತಗ್ಗಿಸಿದರು, ಮಾತು ನಿಲ್ಲಿಸಲಿಲ್ಲ. ಬೇಸಿನ್ನಿನ ಮೇಲಿನ ಕಪಾಟಿನಲ್ಲಿದ್ದ ಒಂದು ತಗಡಿನ ಡಬ್ಬಿಯನ್ನು ತೆಗೆದು ಅಲ್ಲಾಡಿಸಿದರು. “ಏನ್ರಿ, ಹಲ್ಲುಪುಡಿ ಇಷ್ಟ್ ಲಗೂ ಹೆಂಗ ತೀರಾಕತ್ತೈತಿ? ಮೂರು ತಿಂಗಳಿಗೆ ಸಾಕಾಗ್ಲಿ ಅಂತ ಗಿಡಿದು ತುಂಬಿಕೊಂಡು ಬಂದೀನಿ. ತೀರಿತಂದ್ರ ಈ ಊರಾಗ ಬದಾಮಿ ಸಿಪ್ಪಿ ಎಲ್ಲಿ ಸುಡ್ಲಿ? ಸ್ವಲ್ಪ ಹೊಗಿ ಬಂದ್ರ ಮನಿ ಮಾಳಿಗಿಗೆ ಅಂಟಿಸಿದ ಗಂಟಿ ಕಿರಚ್ತತಿ.”

“ಇಲ್ಲಿ ನೀರು ಬ್ಯಾರೆ. ಪುಡಿ ಜಾಸ್ತಿ ಹಿಡೀತತಿ,” ಎಂದ ಚನ್ನಯ್ಯನವರು ಡಬ್ಬಿಯನ್ನು ಮೆಲ್ಲಗೆ ಇಸಿದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡರು.

ಈ ಪುಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬದಾಮಿ ಸಿಪ್ಪೆ ಸುಟ್ಟ ಮಸಿ, ಉಪ್ಪು, ಒಣಗಿಸಿದ ಬೇವಿನ ತೊಗಟೆ, ಎರಡು ಲವಂಗ ಕುಟ್ಟಿ ಪಾರ್ವತೆವ್ವ ಮಾಡುವ ಕರಿ ಪುಡಿ ಅದು. ಬೈಲಹೊಂಗಲದ ಬಸ್ ಡಿಪೋದಲ್ಲಿ ಕಂಡಕ್ಟರ್ ಆಗಿ ದುಡಿದು ನಿವೃತ್ತರಾದ ಚನ್ನಯ್ಯನವರು ಹುಟ್ಟಿದಾಗಿನಿಂದ ಇಂಥ ಪುಡಿಯಲ್ಲದೆ ಬೇರೊಂದನ್ನು ಹಲ್ಲಿಗೆ ಮುಟ್ಟಿಸಿದವರಲ್ಲ. ಎಪ್ಪತ್ತು ದಾಟಿದರೂ ಅವರ ಮೂವತ್ತೆರಡು ಹಲ್ಲುಗಳೂ ಇದ್ದವು, ಅಡಿಕೆ ಕಡಿಯುವಷ್ಟು ಗಟ್ಟಿಯಾಗಿದ್ದವು. ಅವರಿಗೆ ಬೇರೆ ಯಾವ ಜಂಬವೂ ಇರಲಿಲ್ಲವಾದ್ದರಿಂದ ಈ ಒಂದನ್ನು ಮನೆಯವರು ಕ್ಷಮಿಸಿದ್ದರು. ಮಗನ ಬಾಯಿಯಲ್ಲಿ ಮಾತ್ರ ನಾಲ್ಕು ಹಲ್ಲುಗಳಿಗೆ ಈಗಾಗಲೇ ರೂಟ್ ಕೆನಾಲ್ ಆಗಿತ್ತು. ಹೈಸ್ಕೂಲಿನ ಹಾಸ್ಟೆಲ್ಲಿನಲ್ಲಿ ಹುಡುಗರು ‘ಕರಿಬಾಯಿ’ ಎಂದು ಆಡಿಕೊಂಡ ದಿನ ಅವನು ಪುಡಿ ಬಿಟ್ಟವನು, ತಿರುಗಿ ಮುಟ್ಟಿರಲಿಲ್ಲ.

ತಿಂಡಿ ಮುಗಿಸಿ ವೈಶಾಲಿ ನೂರ್ಡ್‌ವೈಕ್‌ನ ತನ್ನ ಕಚೇರಿಗೆ ಹೊರಟಳು. ಅಲ್ಲಿ ಉಪಗ್ರಹಗಳನ್ನು ಅಲುಗಾಡಿಸಿ, ಕಾಯಿಸಿ, ತಣ್ಣಗಾಗಿಸಿ ಪರೀಕ್ಷೆ ಮಾಡುವುದು ಅವಳ ಕೆಲಸ. ಬಾಗಿಲ ಬಳಿ ನಿಂತು ಗಂಡನ ತೋಳನ್ನು ಗಟ್ಟಿಯಾಗಿ ಒಮ್ಮೆ ಹಿಡಿದು ಬಿಟ್ಟಳು. “ಕೂಡ್ಲೇ ಫೋನ್ ಮಾಡು,” ಎಂದಳು. ಬರೀ ಹಲ್ಲು ತೊಳೆಸುವುದಕ್ಕೆ ಇಷ್ಟೊಂದು ಗಾಬರಿ ಏಕೆಂದು ಚನ್ನಯ್ಯನವರಿಗೆ ಅನಿಸಿತು. ಇವರು ಎಲ್ಲದಕ್ಕೂ ಗಾಬರಿಯಾಗುವ ಜನ ಎಂದುಕೊಂಡರು.

ಕ್ಲಿನಿಕ್ಕು ಊರಿನ ಆ ತುದಿಗಿತ್ತು. ಮುಂದುಗಡೆ ದೊಡ್ಡ ಮರದ ಪೆಟ್ಟಿಗೆ ಇರುವ ಸೈಕಲ್ಲು ಅವರ ಮನೆಯಲ್ಲಿತ್ತು. ಅದರ ಹೆಸರು ಬಾಕ್‌ಫೀಟ್ಸ್, ಆ ದೇಶದವರು ಮಕ್ಕಳನ್ನೂ ಸಂತೆಯನ್ನೂ ಅದರಲ್ಲೇ ಹೇರಿಕೊಂಡು ತಿರುಗುತ್ತಾರೆ. ಆ ಪೆಟ್ಟಿಗೆಯಲ್ಲಿ ಚನ್ನಯ್ಯನವರು ಧೋತರದ ಮೇಲೆ ಮಗನ ದಪ್ಪ ಜಾಕೀಟು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಕಾಲು ಮಡಚಿ ಕೂತರು. ಮಡಿಲಲ್ಲಿ ಯಾಪ್. ಗಿಡ್ಡ ಕಾಲು, ಉದ್ದ ಕೂದಲು, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ. ಪಕ್ಕದ ಮನೆಯ ಡಚ್ ಅಜ್ಜಿ ಆರೈಕೆಮನೆಗೆ ಹೋಗುವಾಗ, ತನ್ನಣ್ಣನ ಹೆಸರಿಟ್ಟು ಸಾಕಿದ್ದ ಈ ನಾಯಿಯನ್ನು ಮಾನಸಳ ಕೈಗೆ ಕೊಟ್ಟು ಹೋಗಿದ್ದಳು. ಯಾಪ್ ಎಂದು ಬರೀ ಅಷ್ಟೇ ಕರೆಯುವುದು ಚನ್ನಯ್ಯನವರಿಗೆ ಬಾಯಿಗೆ ರುಚಿಸಲಿಲ್ಲ. ಬಂದ ವಾರದಲ್ಲೇ ಅದು ಯಾಪ್ಯಾ ಆಗಿತ್ತು.

“ರೈಟ್!” ಎಂದು ಪೆಟ್ಟಿಗೆಯ ಮರಕ್ಕೆ ಎರಡು ಸಲ ಬಡಿದರು ಚನ್ನಯ್ಯನವರು. ಸೈಕಲ್ಲು ಹೊರಟಿತು.

ಗಾಳಿ ಎದುರಿನಿಂದ ಬರುತ್ತಿತ್ತು. ಕಾಲುವೆಯಲ್ಲಿ ಬಾತುಕೋಳಿಗಳು ಮರಿಗಳನ್ನು ಸಾಲಾಗಿ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದವು. ಎದುರು ಬಂದವರೆಲ್ಲ ಟೊಪ್ಪಿಗೆಯನ್ನೂ ನಾಯಿಯನ್ನೂ ನೋಡಿ ನಕ್ಕು ಕೈ ಬೀಸಿದರು, ಚನ್ನಯ್ಯನವರೂ ಬೀಸಿದರು. ಹಿಂದೆ ಪೆಡಲ್ ತುಳಿಯುತ್ತಿದ್ದ ರವಿಕಿರಣನಿಗೆ ಕಾಣುತ್ತಿದ್ದುದು ಅಪ್ಪನ ಟೊಪ್ಪಿಗೆ ಮಾತ್ರ. ಮುಖ ನೋಡಿ ಹೇಳಲಾಗದ ಮಾತನ್ನು ಟೊಪ್ಪಿಗೆಗೆ ಹೇಳಬಹುದು ಎನಿಸಿರಬೇಕು.

“ಅಪ್ಪಾ, ಒಂದು ಮಾತು ಹೇಳೂದೈತಿ. ಇಷ್ಟು ದಿನ ನಿಮಗ ಹೇಳಿಲ್ಲ.”

“ಹೇಳಪಾ.”

“ಇವತ್ತು ಬರೇ ಹಲ್ಲು ತೊಳಿಯೂದಲ್ಲ. ಹೋದ ಸರ್ತಿ ಇಂಜೆಕ್ಷನ್‌ಗೆ ಕರಕೊಂಡು ಹೋಗಿದ್ನೆಲ್ಲಾ, ಆವಾಗ ಡಾಕ್ಟರ್ ಬಾಯಿ ನೋಡಿದ್ರು. ಹಲ್ಲಿನ ಬುಡದಾಗ, ವಸಡಿನ್ಯಾಗ, ಕರಿ ಗೆರಿ ಐತಿ. ಕೆಟ್ಟ ಗಡ್ಡಿ ಏನರ ಶುರುವಾಗೇತೇನೋ ಅಂತ ಅವರಿಗೆ ಸಂಶೆ. ಹಲ್ಲು ತೊಳದ ಮ್ಯಾಲೂ ಆ ಕರಿ ಉಳೀತಂದ್ರ, ಅಲ್ಲೇ ವಸಡು ಚೂರು ಕೊಯ್ದು ಟೆಸ್ಟಿಗೆ ಕಳಸ್ತಾರ.” ರವಿಕಿರಣ ಪೆಡಲ್ ನಿಧಾನಿಸಿದ. “ಅದಾ ಹೌದು ಅಂತ ಬಂತಂದ್ರ ಕೆಳಗಿನ ದವಡಿ ಒಂದಿಷ್ಟು ತಗೀಬೇಕಂತ. ಮಾನಸಾಗ ಹೆಂಗ ಹೇಳೂದು ಅಂತ ನಾನೂ ವೈಶಾಲೀನೂ ದಿನಾ ರಾತ್ರಿ ಅದನ್ನ ಮಾತಾಡಾಕತ್ತೀವಿ.”

ಟೊಪ್ಪಿಗೆ ಅರ್ಧ ಹಿಂದಕ್ಕೆ ತಿರುಗಿತು.

“ಎಂಥಾ ಕರಿ?” ಎಂದು ಕೇಳಿದರು ಚನ್ನಯ್ಯನವರು.

“ಇದ್ದಲಿಯಂಗ ಕರಿ. ಬಾಯಿಗೆ ಏನರ ಹಚ್ತೀರೇನು ಅಂತ ಡಾಕ್ಟರ್ ಕೇಳಿದ್ರು. ಇದರ ಬಾಯಾಗ ಕೈ ಹಾಕೂ ಧೈರ್ಯ ನಮ್ಮ ಮನ್ಯಾಗ ಯಾರಿಗೂ ಇಲ್ಲ ಅಂತ ಹೇಳಿದೆ.”

ಚನ್ನಯ್ಯನವರ ಕೈ ತಾನಾಗಿ ಜಾಕೀಟಿನೊಳಗೆ, ಅಂಗಿಯ ಕಿಸೆಯ ಮೇಲೆ ಹೋಯಿತು. ಡಬ್ಬಿ ಅಲ್ಲೇ ಇತ್ತು.

ಅವರು ಬಂದ ಹೊಸತರಲ್ಲಿ ಯಾಪ್‌ನ ಬಾಯಿ ಎಷ್ಟು ನಾರುತ್ತಿತ್ತೆಂದರೆ ಅದು ಆಕಳಿಸಿದರೆ ಜನ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ವೈಶಾಲಿ ನಾಯಿಗೆಂದೇ ಬ್ರಶ್ಶು, ಪೇಸ್ಟು ತಂದಳು. ಬ್ರಶ್ಶನ್ನು ಯಾಪ್ ಕಡಿದು ಎರಡು ತುಂಡು ಮಾಡಿತು. ಪೇಸ್ಟು ಕೋಳಿ ಮಾಂಸದ ರುಚಿಯದು. ತತ್ತಿಯನ್ನೂ ಒಳಗೆ ತರದ ಲಿಂಗಾಯತರ ಮನೆಯಲ್ಲಿ ಆ ಟ್ಯೂಬಿಗೆ ಜಾಗ ಸಿಗದೆ ಅದನ್ನು ಹಿತ್ತಲಿನ ಸೈಕಲ್ ಗೂಡಿನಲ್ಲಿಟ್ಟರು. “ನನ್ನ ಪುಡಿ ಹಚ್ಚಿ ತಿಕ್ಕಲೇನು?” ಎಂದು ಚನ್ನಯ್ಯನವರು ಕೇಳಿದ್ದಕ್ಕೆ ರವಿಕಿರಣ ಹೌಹಾರಿದ್ದ. “ಅಪ್ಪಾ, ಬ್ಯಾಡ. ಅದರ ಬಾಯಾಗ ಕೈ ಹಾಕಬ್ಯಾಡ್ರಿ, ಕಡೀತೈತಿ. ಆ ಮಸಿ ಅಂತೂ ಬ್ಯಾಡಾ ಬ್ಯಾಡ.” “ಆತು ಬಿಡಪಾ,” ಎಂದು ಚನ್ನಯ್ಯನವರು ಒಪ್ಪಿದ್ದರು.

ಆದರೆ ಅದೇ ರಾತ್ರಿ ನಾತದ ಕಾರಣಕ್ಕೆ ಯಾಪ್‌ನನ್ನು ಮಾನಸಳ ಕೋಣೆಯಿಂದ ಹೊರಹಾಕಿದರು. ಬಾಗಿಲಿನ ಆಚೆ ಅದು ಅತ್ತಿತು, ಈಚೆ ಇವಳು ಅತ್ತಳು. ಮೊಮ್ಮಗಳ ಅಳುವನ್ನು ಚನ್ನಯ್ಯನವರು ತಡೆದುಕೊಳ್ಳಲಾರರು. ಮರುದಿನ ನಸುಕಿನಲ್ಲಿ, ಅಭ್ಯಾಸದಂತೆ ಹಿತ್ತಲಿನಲ್ಲಿ ಅತ್ತಿತ್ತ ಅಡ್ಡಾಡುತ್ತ ಹಲ್ಲುಜ್ಜುವಾಗ, ಯಾಪ್ ಬಂದು ಎದುರು ಕೂತು ಅವರ ಬಾಯನ್ನೇ ನೋಡತೊಡಗಿತು. “ಆ ಅನ್ನು,” ಎಂದು ತಾವೂ ಬಾಯಿ ತೆರೆದು ತೋರಿಸಿದರು. ನಾಯಿ ಬಾಯಿ ತೆರೆಯಿತು. ಬೆರಳಿಗೆ ಪುಡಿ ತಾಗಿಸಿ ಅದರ ಹಲ್ಲಿನ ಮೇಲೆ ಆಡಿಸಿದರು. ಉಪ್ಪಿನ ರುಚಿಗೆ ಅದು ಕಣ್ಣು ಮುಚ್ಚಿತು. ಅಂದಿನಿಂದ ದಿನಾ ಬೆಳಿಗ್ಗೆ, ಮನೆಯವರು ಏಳುವ ಮೊದಲು, ಅಜ್ಜನದೊಂದು ಬಾಯಿ, ಯಾಪ್ಯಾನದೊಂದು ಬಾಯಿ. ನಾತ ಕಡಿಮೆಯಾಯಿತು. ಕೋಣೆಯ ಬಾಗಿಲು ಮತ್ತೆ ತೆರೆಯಿತು. ಹೇಗೆ ಕಡಿಮೆಯಾಯಿತೆಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಈಗ ಹೇಳಬೇಕಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದರು. “ರವೀ, ಆ ಕರಿ...” ಎನ್ನುವಷ್ಟರಲ್ಲಿ ದೊಡ್ಡದೊಂದು ವಿಮಾನ ಮನೆಗಳ ಹಂಚನ್ನು ಸವರಿಕೊಂಡೇ ಬಂದಂತೆ ತಲೆಯ ಮೇಲೆ ಹಾದುಹೋಯಿತು. ಸದ್ದು ಇಳಿದ ಮೇಲೆ ರವಿಕಿರಣ ಕೇಳಿದ.

“ಏನಂದ್ರಿ?”

“ಏನಿಲ್ಲ,” ಎಂದರು ಚನ್ನಯ್ಯನವರು. ಬಸ್ಸಿನಲ್ಲಿ ಟಿಕೇಟಿಲ್ಲದವರನ್ನು ಮೂವತ್ತು ವರ್ಷ ಹಿಡಿದು ಇಳಿಸಿದ ಮನುಷ್ಯನಿಗೆ ಈಗ ತಾನೇ ಟಿಕೇಟಿಲ್ಲದೆ ಕೂತಂತಾಗಿತ್ತು. “ರೈಟ್, ರೈಟ್. ನಡಿ.”

ಕ್ಲಿನಿಕ್ಕಿನಲ್ಲಿ ಸಾನೆ ಎಂಬ ಎತ್ತರದ ಹುಡುಗಿ ಎದುರುಗೊಂಡಳು. ವೈದ್ಯೆ ಫೆಮ್ಕೆಯ ಸಹಾಯಕಿ ಅವಳು. ಯಾಪ್‌ನನ್ನು ತೂಗಿ, ಎದೆಗೆ ಕಿವಿಗೊಳವೆ ಇಟ್ಟು ನೋಡಿ, ಸೂಜಿ ಚುಚ್ಚಿದಳು. ಯಾಪ್ ಚನ್ನಯ್ಯನವರ ಮಡಿಲಲ್ಲೇ ತೂಕಡಿಸಿತು. ನಿದ್ದೆ ಹತ್ತುವ ಮೊದಲು ಅವರ ಮುಖ ನೋಡಿ ಒಮ್ಮೆ ಬಾಯಿ ತೆರೆಯಿತು, ಬೆಳಗಿನ ಪುಡಿ ಇನ್ನೂ ಬಂದಿಲ್ಲವಲ್ಲ ಎನ್ನುವ ಹಾಗೆ. ಸಾನೆ ಅದನ್ನು ಮಗುವಿನಂತೆ ಎತ್ತಿಕೊಂಡು ಒಳಗೆ ಹೋದಳು.

“ಮನಿಗೆ ಹೋಗೂಣ್ರಿ ಅಪ್ಪಾ. ಮುಗಿದ ಮ್ಯಾಲೆ ಫೋನ್ ಮಾಡ್ತಾರ.”

“ನಾ ಇಲ್ಲೇ ಕೂಡ್ತೀನಿ.”

ರವಿಕಿರಣನ ಮೊಬೈಲು ಬಡಿದುಕೊಂಡಿತು. ಆಫೀಸಿನ ಮೀಟಿಂಗು. ಅವನು ಅದನ್ನು ಕಿವಿಗಿಟ್ಟುಕೊಂಡು ಹೊರಗೆ ಹೋಗಿ, ಗಾಜಿನ ಆಚೆ ಪಾದಚಾರಿ ಹಾದಿಯಲ್ಲಿ ಅತ್ತಿತ್ತ ನಡೆಯುತ್ತ ಮಾತಾಡತೊಡಗಿದ. ಅವನ ನಡಿಗೆಯಲ್ಲೇ ಅವನ ಸಂಕಟ ಕಾಣುತ್ತಿತ್ತು. ಕಾಯುವ ಕೋಣೆಯಲ್ಲಿ ಉಳಿದವರು ಚನ್ನಯ್ಯನವರು, ಮೊಲದ ಪಂಜರ ಇಟ್ಟುಕೊಂಡು ಕೂತ ಒಬ್ಬ ಹೆಂಗಸು, ಮತ್ತು ಹೊರಗೆ ಬಂದು ಮೇಜಿನ ಹಿಂದೆ ಕೂತ ಸಾನೆ. ಒಳಗಿನಿಂದ ಸೂಯ್ಯೆಂದು ಯಂತ್ರದ ಸದ್ದು ಶುರುವಾಯಿತು.

ಯಂತ್ರ ಹಲ್ಲು ತೊಳೆಯುತ್ತದೆ. ಆಮೇಲೆ ಅವರು ಕರಿಯನ್ನು ನೋಡುತ್ತಾರೆ. ಕರಿ ಹೋಗುವುದಿಲ್ಲ. ಅದು ಹೋಗುವುದಿಲ್ಲವೆಂದು ಚನ್ನಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ವಸಡಿನಲ್ಲೂ ಅಂಥದೇ ಗೆರೆ ಸಣ್ಣಂದಿನಿಂದ ಇತ್ತು. ಆಮೇಲೆ ಕತ್ತಿ. ಬ್ಯಾಡ ಎಂದಿದ್ದ ಮಗ, ಆತು ಎಂದಿದ್ದ ತಾನು. ವೀಸಾ ಮುಗಿದು ಊರಿಗೆ ಹೊರಡುವ ಮುಂಚೆ ಮಗನ ಕಣ್ಣಲ್ಲಿ ಸಣ್ಣವನಾಗಿ ಹೋಗಬೇಕಲ್ಲ ಎಂದು ಒಂದು ಕ್ಷಣ ನಾಚಿಕೆಯಾಯಿತು. ಆದರೆ ಆ ಸೂಯ್ಯೆನ್ನುವ ಸದ್ದು ತಟ್ಟನೆ ನಿಂತಿತು. ನಿಂತದ್ದೇ ತಡ, ಚನ್ನಯ್ಯನವರು ಎದ್ದುಬಿಟ್ಟರು.

“ಮೇಡಂ,” ಎಂದರು.

“ಕಾಫಿ, ಮೆನೇರ್?” ಎಂದಳು ಸಾನೆ. ಅಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

“ಕಾಫಿ ಅಲ್ಲ ತಾಯಿ. ಯಾಪ್ಯಾ! ಯಾಪ್ಯಾ!” ಒಳಬಾಗಿಲ ಕಡೆ ಬೆರಳು ಮಾಡಿದರು. ಸಾನೆ ಅಭಯ ಕೊಡುವವಳಂತೆ ನಕ್ಕಳು. ಅದು ಇವರ ಕೆಲಸಕ್ಕೆ ಬರಲಿಲ್ಲ. ಅವರು ಕಿಸೆಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಕರಿ ಪುಡಿ ಕಂಡು ಸಾನೆಯ ನಗು ಅರ್ಧಕ್ಕೆ ನಿಂತಿತು. ಚನ್ನಯ್ಯನವರು ತೋರುಬೆರಳನ್ನು ಪುಡಿಯಲ್ಲಿ ಅದ್ದಿ, ಅವಳ ಎದುರೇ ತಮ್ಮ ಹಲ್ಲುಗಳ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿಕ್ಕಿದರು. ತುಟಿ, ಗದ್ದ ಎಲ್ಲ ಕರ್ರಗಾಯಿತು. ಮೊಲದ ಹೆಂಗಸು ಪಂಜರವನ್ನು ಹತ್ತಿರ ಎಳೆದುಕೊಂಡಳು. ತಿಕ್ಕಿದ ಬೆರಳನ್ನು ಒಳಬಾಗಿಲ ಕಡೆ ಮಾಡಿ, “ಯಾಪ್ಯಾಗೂ! ದಿನಾ!” ಎಂದರು. ಆಮೇಲೆ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಕೆಳತುಟಿಯನ್ನು ಎರಡೂ ಕೈಯಿಂದ ಎಳೆದು ಹಿಡಿದು, ಮೇಜಿನ ಮೇಲೆ ಬಾಗಿ ನಿಂತರು. ಹಲ್ಲಿನ ಬುಡದುದ್ದಕ್ಕೂ ಎಳೆದಂತೆ ಸಣ್ಣ ಕರಿ ಗೆರೆ.

ಸಾನೆ ಗೆರೆ ನೋಡಿದಳು, ಡಬ್ಬಿ ನೋಡಿದಳು. ಕುರ್ಚಿ ಬೀಳುವಂತೆ ಎದ್ದು ಒಳಗೆ ಓಡಿದಳು.

ಮೀಟಿಂಗಿನ ನಡುವೆ ಗಾಜಿನತ್ತ ತಿರುಗಿದ ರವಿಕಿರಣ ಕಂಡದ್ದು ಇದು: ಹಣೆಗೆ ದೀಪ ಕಟ್ಟಿಕೊಂಡ ಡಾಕ್ಟರ್ ಫೆಮ್ಕೆ ತನ್ನ ತಂದೆಯ ಬಾಯೊಳಗೆ ಇಣುಕುತ್ತಿದ್ದಾಳೆ. ಪಕ್ಕದಲ್ಲಿ ಸಾನೆ ಅವರ ತುಟಿಯನ್ನು ಹಿಡಿದುಕೊಂಡಿದ್ದಾಳೆ. ತಂದೆಯ ಗದ್ದ ಮಸಿಯಾಗಿದೆ. ಅವನು ಮೀಟಿಂಗಿನವರಿಗೆ ಹೇಳದೆ ಕೇಳದೆ ಒಳಗೆ ನುಗ್ಗಿದ.

“ಅಪ್ಪಾ! ಏನ್ ನಡಸೀರಿ ಇದು?”

ತುಟಿ ಬೇರೆಯವರ ಕೈಯಲ್ಲಿದ್ದರಿಂದ ಚನ್ನಯ್ಯನವರು “ಆ... ಆ...” ಎಂದಷ್ಟೇ ಅಂದರು. ಬಿಡಿಸಿಕೊಂಡ ಮೇಲೆ ಮಗನ ಕಡೆ ತಿರುಗಿದರು. ಈ ಸಲ ಟೊಪ್ಪಿಗೆಗಲ್ಲ, ಮುಖಕ್ಕೆ ಮುಖ.

“ನಾನಪಾ. ಅದು ಗಡ್ಡಿ ಅಲ್ಲ, ನನ್ನ ಹಲ್ಲುಪುಡಿ. ನೀ ಬ್ಯಾಡ ಅಂದಿದ್ದಿ, ನಾ ಆತು ಅಂದಿದ್ದೆ. ಆದ್ರೂ ದಿನಾ ಮುಂಜಾನೆ ಅವಂಗ ತಿಕ್ಕೀನಿ. ಆ ಕೋಳಿ ಪೇಸ್ಟಿನ್ಯಾಗ ಕೈ ಇಡಾಕ ನನಗಾಗಲಿಲ್ಲ. ಈಗ ಇವರಿಗೆ ಹೇಳು, ಕೊಯ್ಯಬ್ಯಾಡ್ರಿ ಅನ್ನು. ಆಮ್ಯಾಲೆ ನನಗ ಎಷ್ಟ್ ಬೈತಿ ಬೈಯಿ.”

ರವಿಕಿರಣ ಅದನ್ನು ಡಚ್ಚಿನಲ್ಲಿ ಹೇಳಿದ. ಕೋಳಿಯ ವಿಷಯ ಹೇಳಲಿಲ್ಲ, ಅದಕ್ಕೆ ಅವನ ಡಚ್ಚು ಸಾಲುತ್ತಿರಲಿಲ್ಲ. ಫೆಮ್ಕೆ ಪುಡಿಯನ್ನು ಚಿಟಿಕೆಯಷ್ಟು ಬೆರಳಲ್ಲಿ ತಿಕ್ಕಿ ನೋಡಿದಳು. ಇರಬಹುದು, ಆದರೆ ಇಲ್ಲಿ ನಿಂತು ಹೌದೆನ್ನಲಾರೆ, ಬುಡ ಪೂರ್ತಿ ತೊಳೆದು ನೋಡಿಯೇ ಹೇಳುತ್ತೇನೆ ಎಂದು ಡಬ್ಬಿಯ ಸಮೇತ ಒಳಗೆ ಹೋದಳು. ಯಂತ್ರ ಮತ್ತೆ ಸೂಯ್ಯೆಂದಿತು.

ಅಪ್ಪ ಮಗ ಒಂದೇ ಬೆಂಚಿನ ಮೇಲೆ ಕೂತರು. ರವಿಕಿರಣನಿಗೆ ಸಿಟ್ಟು ಬಂದಿತ್ತು, ಆದರೆ ಆ ಸಿಟ್ಟಿನ ಅಡಿಯಲ್ಲಿ ಆಸೆಯೊಂದು ಎದ್ದು ಕೂತುಬಿಟ್ಟಿತ್ತು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಅವನು ನೆಲ ನೋಡುತ್ತಿದ್ದ.

“ಎಷ್ಟು ರಾತ್ರಿ ನಿದ್ದಿಲ್ಲ ಗೊತ್ತೇನ್ರಿ ನನಗ?” ಎಂದ ಕೊನೆಗೆ.

“ನೀ ಕಡೀತತಿ ಅಂತಿದ್ದೆಲ್ಲಾ,” ಎಂದರು ಚನ್ನಯ್ಯನವರು ಮೆತ್ತಗೆ. “ನನಗೊಂದು ದಿನ ಕಡದಿಲ್ಲಪಾ ಅಂವ.”

ಸಾನೆ ಎರಡು ಕಾಫಿ ತಂದಿಟ್ಟಳು. ಅದು ಆರಿ ಹೋಯಿತು. ಮೊಲದ ಹೆಂಗಸು ತನ್ನ ಸರದಿ ಮುಗಿಸಿ ಹೋಗುವಾಗ ಬಾಗಿಲಲ್ಲಿ ನಿಂತು, ಚನ್ನಯ್ಯನವರಿಗೆ ಹೆಬ್ಬೆರಳೆತ್ತಿ ತೋರಿಸಿ ಹೋದಳು. ಏನೂ ಅರ್ಥವಾಗದಿದ್ದರೂ ಏನೋ ಒಳ್ಳೆಯದಾಗಲಿ ಎಂದು ಅವಳಿಗೂ ಅನಿಸಿರಬೇಕು.

ಫೆಮ್ಕೆ ಹೊರಗೆ ಬಂದಾಗ ಅವಳ ಕೈಯಲ್ಲಿ ಬಿಳಿ ಹತ್ತಿಬಟ್ಟೆಯ ತುಂಡಿತ್ತು. ಅದರ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿ ಕಣಗಳು. ಪಕ್ಕದಲ್ಲಿ ಡಬ್ಬಿ ತೆರೆದು ಹಿಡಿದಳು. ಎರಡೂ ಒಂದೇ. ವಸಡಿನ ಬುಡದಿಂದ ಇದೆಲ್ಲ ತೊಳೆದು ಬಂತು, ಅಡಿಯಲ್ಲಿ ವಸಡು ಗುಲಾಬಿ ಬಣ್ಣಕ್ಕೆ ಆರೋಗ್ಯವಾಗಿದೆ, ಸಣ್ಣ ಗೆರೆಯೊಂದು ಉಳಿದಿದೆ, ಅದು ಈ ಅಜ್ಜನ ಬಾಯಿಯಲ್ಲಿ ಇರುವಂಥದೇ ಎಂದಳು. ಕೊಯ್ಯುವ ಅಗತ್ಯವಿಲ್ಲ. ಫೋಟೋ ತೆಗೆದಿಟ್ಟಿದ್ದೇನೆ, ಸ್ವಲ್ಪ ದಿನ ಬಿಟ್ಟು ಮತ್ತೆ ನೋಡೋಣ. “ಅಜ್ಜ ಮೊಮ್ಮಗ ಇಬ್ಬರಿಗೂ ಒಂದೇ ಗುರುತು,” ಎಂದು ನಕ್ಕಳು.

ರವಿಕಿರಣ ಅದನ್ನು ಕನ್ನಡದಲ್ಲಿ ಹೇಳಲು ಹೋದ. ಅರ್ಧ ಹೇಳುವಷ್ಟರಲ್ಲಿ ನಗು ಬಂತು. ನಗುತ್ತ ನಗುತ್ತ ಕಣ್ಣೀರು ಬಂತು. ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ಚನ್ನಯ್ಯನವರು ಮಗನ ಬೆನ್ನ ಮೇಲೆ ಕೈಯಿಟ್ಟರು. ಇಷ್ಟು ವರ್ಷವಾದ ಮೇಲೆ ಆ ಬೆನ್ನ ಮೇಲೆ ಕೈಯಿಟ್ಟದ್ದು ಅವರಿಗೇ ಆಶ್ಚರ್ಯವಾಯಿತು. ಎಷ್ಟೋ ದೊಡ್ಡದಾಗಿತ್ತು ಬೆನ್ನು.

ಫೆಮ್ಕೆಯ ಮಾತು ಮುಗಿದಿರಲಿಲ್ಲ. ಈ ಪುಡಿ ಇನ್ನು ಮೇಲೆ ನಾಯಿಗೆ ಬೇಡವೇ ಬೇಡ, ಉಪ್ಪು ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ, ಮಸಿ ವಸಡನ್ನು ಕೆರೆಯುತ್ತದೆ ಎಂದು ಬೆರಳೆತ್ತಿ ಹೇಳಿದಳು. ಚನ್ನಯ್ಯನವರು ಶಾಲೆಯ ಹುಡುಗನಂತೆ ತಲೆಯಾಡಿಸಿದರು. ಹಲ್ಲುಗಳ ಒಳಬದಿಯಲ್ಲಿ ಕೊಳೆ ಗಟ್ಟಿಯಾಗಿ ಕಲ್ಲಾಗಿತ್ತು, ಅದನ್ನೆಲ್ಲ ತೆಗೆದಿದ್ದೇನೆ ಎಂದಳು. ಆದರೆ ಹೊರಬದಿ, ಹಿಂದಿನ ದವಡೆಹಲ್ಲಿನವರೆಗೂ, ಈ ವಯಸ್ಸಿನ ನಾಯಿಯಲ್ಲಿ ತಾನು ಇಷ್ಟು ಚೊಕ್ಕಟ ನೋಡಿಲ್ಲ. ಇಂದು ಮಾಡಿದ್ದು ಉಳಿಯಬೇಕಾದರೆ ಯಾರಾದರೂ ದಿನಾ ತಿಕ್ಕಬೇಕು, ಇಲ್ಲದಿದ್ದರೆ ವರ್ಷದೊಳಗೆ ಮತ್ತೆ ಅರಿವಳಿಕೆ, ಮತ್ತೆ ಇದೇ ಕತೆ. ಹೆಚ್ಚಿನ ಜನರಿಗೆ ಆಗುವುದಿಲ್ಲ, ನಾಯಿ ಬಾಯಿ ಬಿಡುವುದಿಲ್ಲ. “ಇವರು ಹೇಗೆ ಬಿಡಿಸಿದರು?” ಎಂದು ಕೇಳಿದಳು.

ರವಿಕಿರಣ ಅಪ್ಪನ ಮುಖ ನೋಡಿದ. ಅದು ಅವನಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಬಾಕ್‌ಫೀಟ್ಸ್‌ನಲ್ಲಿ ಯಾಪ್ ಕಂಬಳಿ ಸುತ್ತಿಕೊಂಡು, ನಾಲಗೆ ಒಂದು ಕಡೆ ಜೋತು ಬಿಟ್ಟು, ಚನ್ನಯ್ಯನವರ ಎದೆಗೆ ಒರಗಿ ಮನೆಗೆ ಬಂತು. ರವಿಕಿರಣ ವೈಶಾಲಿಗೆ ಫೋನ್ ಮಾಡಿ ಸುದ್ದಿ ಹೇಳಿದ. ಅತ್ತಲಿಂದ ಮೂಗು ಎಳೆಯುವುದು ಕೇಳಿಸಿತು. ಆಮೇಲೆ, “ಮಾವಾರಿಗೆ ಕೊಡು,” ಎಂದಳು. “ಮಾವಾರ, ಇನ್ನ ನಮ್ಮ ಮನ್ಯಾಗ ಯಾರೂ ಯಾರಿಂದಾನೂ ಏನೂ ಮುಚ್ಚಿಡೂದು ಬ್ಯಾಡ. ನಾವೂ ಮುಚ್ಚಿಟ್ವಿ, ನೀವೂ ಮುಚ್ಚಿಟ್ರಿ. ನೋಡ್ರಿ, ಪಾಪ ಆ ನಾಯಿ ಬಾಯಿಗೆ ಬಂದಿತ್ತು.” ಶಾಲೆಯಿಂದ ಬಂದ ಮಾನಸಳಿಗೆ ಎಲ್ಲವನ್ನೂ ಹೇಳಿದರು. ಅವಳು ಯಾಪ್‌ನ ತುಟಿ ಎತ್ತಿ ನೋಡಿ, ಅಜ್ಜನ ತುಟಿ ಎತ್ತಿ ನೋಡಿ, “ಟ್ವಿನ್ಸ್!” ಎಂದು ಕುಣಿದಳು. ಪಾರ್ವತೆವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಗಂಡನನ್ನು ದಿಟ್ಟಿಸಿದರು.

“ನೀರು ಬ್ಯಾರೆ, ಹೌದಲ್ರಿ? ನನ್ನ ಪುಡಿ ನೀರಿಗೆ ಹಿಡೀತಿತ್ತು!”

ವಸಡು ಮಾಯುವವರೆಗೆ ಒಂದು ವಾರ ಯಾರೂ ಬಾಯಿ ಮುಟ್ಟಬಾರದೆಂದು ಹೇಳಿದ್ದರು. ವಾರ ಕಳೆಯಿತು. ಚನ್ನಯ್ಯನವರು ಸೈಕಲ್ ಗೂಡಿನಿಂದ ಕೋಳಿ ಪೇಸ್ಟನ್ನು ತಾವೇ ತಂದು ಹಿತ್ತಲಿನ ಕಟ್ಟೆಯ ಮೇಲಿಟ್ಟರು. ಬಲಗೈಯ ಮೂರು ಬೆರಳು ವಿಭೂತಿಯವು, ಅವನ್ನು ಕೇಳುವಂತಿಲ್ಲ. ಎಡಗೈಯ ತೋರುಬೆರಳನ್ನು ಚಾಚಿ, ಮುಖವನ್ನು ಬೇಲಿಯ ಕಡೆ ತಿರುಗಿಸಿ, “ಶಿವಶಿವಾ, ಹಿಂಡವಾ,” ಎಂದರು ಹೆಂಡತಿಗೆ. ಪಾರ್ವತೆವ್ವ ಸೆರಗು ಮೂಗಿಗೆ ಹಿಡಿದು ಹಿಂಡಿದರು. ಎರಡು ದಿನ ಹಾಗೆ ನಡೆಯಿತು. ಆದರೆ ಊರಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು.

ಮೂರನೆಯ ದಿನ ನಸುಕಿನಲ್ಲಿ ರವಿಕಿರಣ ಪೈಜಾಮದಲ್ಲೇ ಹಿತ್ತಲಿಗೆ ಬಂದ. ಎಡಗೈ ಬೆರಳಿಗೆ ಪೇಸ್ಟು ಹಚ್ಚಿಕೊಂಡು ಯಾಪ್‌ನ ಎದುರು ಮಂಡಿಯೂರಿ ಕೂತ. ಯಾಪ್ ಬಾಯಿ ಬಿಗಿದು ಹಿಡಿದು ಅವನನ್ನು ನೋಡಿತು.

“ಆ ಅನ್ನು,” ಎಂದ ರವಿಕಿರಣ. ಯಾಪ್ ಮುಖ ತಿರುಗಿಸಿತು. ಗಟ್ಟಿಯಾಗಿ ಹೇಳಿದ. ಸಣ್ಣಗೆ ಗುರ್ರೆಂದಿತು.

“ಹಂಗ ಅಲ್ಲಪಾ,” ಎಂದರು ಚನ್ನಯ್ಯನವರು, ತಮ್ಮ ಬಾಯಿಂದ ಬೆರಳು ತೆಗೆದು. “ಅಂವ ಬರೇ ಮಾತಿಗೆ ತಗಿಯಾಂವಲ್ಲ. ಮೊದಲ ನಿನ್ನ ಹಲ್ಲು ತಿಕ್ಕು. ಅಂವ ನೋಡ್ಲಿ. ಆಮ್ಯಾಲೆ ತಾನ ತಗೀತಾನ.”

ರವಿಕಿರಣ ತಲೆಯೆತ್ತಿ ಮಹಡಿಯ ಕಿಟಕಿಯತ್ತ ನೋಡಿದ. ಅವನ ಬ್ರಶ್ಶು ಮೇಲೆ, ಬಚ್ಚಲುಮನೆಯಲ್ಲಿತ್ತು. ಕಟ್ಟೆಯ ಮೇಲೆ ತಗಡಿನ ಡಬ್ಬಿ ತೆರೆದೇ ಇತ್ತು. ಬೇಲಿಯಾಚೆಯ ಮನೆಯವನು ಸೈಕಲ್ಲು ಹೊರಗೆ ತೆಗೆಯುತ್ತ ಇವರ ಕಡೆ ನೋಡಿ ಗುಡ್ ಮಾರ್ನಿಂಗ್ ಎಂದ. ರವಿಕಿರಣ ಅವನಿಗೆ ತಲೆಯಾಡಿಸಿ, ಬಲಗೈಯ ಬೆರಳನ್ನು ಡಬ್ಬಿಯಲ್ಲಿ ಅದ್ದಿ, ಬಾಯಿಗಿಟ್ಟುಕೊಂಡ. ಉಪ್ಪು, ಬೇವು, ಆಮೇಲೆ ಲವಂಗ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿಕ್ಕಿದ. ತುಟಿಯ ಅಂಚಿನಿಂದ ಕರಿ ನೀರು ಗದ್ದಕ್ಕೆ ಇಳಿಯಿತು. ಚನ್ನಯ್ಯನವರು ಪಕ್ಕದಲ್ಲಿ ಅಡ್ಡಾಡುತ್ತಲೇ ತಿಕ್ಕುತ್ತಿದ್ದರು, ಅವನತ್ತ ನೋಡಲಿಲ್ಲ.

ಯಾಪ್ ಮಾತ್ರ ನೋಡುತ್ತಿತ್ತು. ಒಮ್ಮೆ ತಂದೆಯ ಬಾಯಿ, ಒಮ್ಮೆ ಮಗನ ಬಾಯಿ. ಕೆಳಗಿದ್ದ ಕಿವಿಯೂ ಮೇಲೆ ಬಂತು. ಅದು ರವಿಕಿರಣನ ಹತ್ತಿರ ಸರಿದು ಕೂತು, ಮೆಲ್ಲಗೆ ಬಾಯಿ ತೆರೆಯಿತು.